ಪೈಪ್ ಹಾಕಿದೆ, ಎಣ್ಣೆ ನೋಡಲಿಲ್ಲ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಗಾಡಿ ತರೋಕೆ ಆಗದವರ ಮನೆಗೆ ನಾನೇ ಟೂಲ್ ಬ್ಯಾಗ್ ಹಾಕಿಕೊಂಡು ಹೋಗುತ್ತೇನೆ. ಹೋದ ವರ್ಷ ರಿಟೈರ್ ಆದ ಮೇಷ್ಟ್ರೊಬ್ಬರ ಮನೆಯಲ್ಲಿ ಒಂದೇ ಪೈಪನ್ನು ಎರಡು ಸಲ ಬದಲಾಯಿಸಬೇಕಾಯಿತು. ಎರಡನೇ ಸಲದ್ದು ಪೂರ್ತಿ ನನ್ನ ತಪ್ಪು.

ಮೊದಲ ಸಲ ಮೇಷ್ಟ್ರು ಫೋನ್ ಮಾಡಿದಾಗ, "ಗಾಡಿ ದಿನಾ ಒಂದು ಬಾಟ್ಲಿ ನೀರು ಕುಡಿಯುತ್ತೆ ಕಣಪ್ಪಾ" ಅಂದರು. ಹೋಗಿ ಬಾನೆಟ್ ಎತ್ತಿದರೆ ಇಂಜಿನ್‌ನಿಂದ ರೇಡಿಯೇಟರ್‌ಗೆ ಬರುವ ಮೇಲಿನ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ ಬೈಂಡಿಂಗ್ ವೈರ್ ಬಿಗಿದಿತ್ತು. ಯಾರ ಕೆಲಸ ಮೇಷ್ಟ್ರೇ ಅಂದೆ. "ನಂದೇ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟೋನು ನಾನು" ಅಂತ ನಕ್ಕರು.

ಟ್ಯೂಬ್ ಸುತ್ತಿದರೆ ಯಾಕೆ ನಿಲ್ಲಲ್ಲ ಅಂದರೆ, ಅದು ಸುಮ್ನೆ ನೀರು ಹರಿಯುವ ಪೈಪಲ್ಲ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ ನೋಡಿ, ಹೆಚ್ಚುಕಮ್ಮಿ ಅಷ್ಟು ಬಾರ್ ಒತ್ತಡ ಆಗುವವರೆಗೆ ಮುಚ್ಚಳ ಬಿಡಲ್ಲ. ಒತ್ತಡ ಇರೋದರಿಂದ ನೀರು 100 ಡಿಗ್ರಿಗೆ ಕುದಿಯಲ್ಲ, 120ರ ಹತ್ತಿರ ಹೋಗಬೇಕು. ಪ್ರೆಶರ್ ಕುಕ್ಕರ್ ಲೆಕ್ಕವೇ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಎಡಗೈ ಮೇಲೆ ಕಲೆ ಇದೆ, ಕೆಲಸ ಕಲಿಯುವಾಗಿನದು.

ಅದಕ್ಕೇ ಇಂಜಿನ್ ಆರಲಿ ಅಂತ ಒಂದು ಗಂಟೆ ಕಾದೆ. ಕೆಳಗೆ ಟಬ್ ಇಟ್ಟು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡೋ ದ್ರವ, ಇಳಿಸಿದೆ. ಬೀದಿ ನಾಯಿಯೊಂದು ಬಂದು ಮೂಸಿತು, ಓಡಿಸಿ ಟಬ್ ಮುಚ್ಚಿಟ್ಟೆ. ಕೂಲೆಂಟ್ ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ. ಇಳಿಸಿದ್ದನ್ನು ಚರಂಡಿಗೆ ಸುರಿಯೋರನ್ನು ಕಂಡರೆ ನನಗೆ ಆಗಲ್ಲ.

ಹಳೇ ಪೈಪು ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ರೇಡಿಯೇಟರ್ ಬಾಯಿ ಪ್ಲಾಸ್ಟಿಕ್ಕು, ಮುರಿದರೆ ರೇಡಿಯೇಟರೇ ಹೋಯಿತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದೆ. ಇಂಜಿನ್ ಕಡೆಯ ಅಲ್ಯೂಮಿನಿಯಂ ಬಾಯಿಗೆ ಬಿಳಿ ಪಾಚಿ ಥರ ಗಟ್ಟಿಯಾಗಿ ಕೂತಿತ್ತು. ದಿನಾ ಸುರಿದ ಬೋರ್ ನೀರಿನ ಕೃಪೆ. ನಮ್ಮ ಕಡೆ ಆ ನೀರು ಕಾಯಿಸಿದ ಪಾತ್ರೆ ತಳ ನೋಡಿದರೆ ಗೊತ್ತಾಗುತ್ತೆ ಅಲ್ವಾ? ಎಮರಿ ಪೇಪರ್‌ನಲ್ಲಿ ನುಣ್ಣಗೆ ಉಜ್ಜಿದೆ. ಇಲ್ಲಾಂದರೆ ಹೊಸ ಪೈಪು ಹಾಕಿದರೂ ಸಂದಿಯಲ್ಲಿ ಜಿನುಗುತ್ತದೆ. ಹೊಸದನ್ನು ಕೂರಿಸಿ ಕ್ಲಿಪ್ ಬಿಗಿದು, ಕೂಲೆಂಟು, ಬ್ಯಾಟರಿ ವಾಟರ್ (ಡಿಸ್ಟಿಲ್ಡ್ ನೀರು) ಅರ್ಧರ್ಧ ಸುರಿದೆ. ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸಿ, ಗಾಳಿ ಗುಳ್ಳೆ ನಿಲ್ಲುವವರೆಗೆ ಇಂಜಿನ್ ಓಡಿಸಿದೆ, ಆಮೇಲೆ ಮುಚ್ಚಳ ಹಾಕಿದೆ. ಫ್ಯಾನು ಎರಡು ಸಲ ಬಂದು ನಿಂತಿತು. ಒಂದು ಹನಿ ಲೀಕ್ ಇಲ್ಲ. ದುಡ್ಡು ತಗೊಂಡು ಮನೆಗೆ ಬಂದೆ.

ಈಗ ತಪ್ಪಿಗೆ ಬರುತ್ತೇನೆ. ಹಳೇ ಪೈಪು ಸೀಳುವಾಗ ಒಂದು ಕಡೆ ಅದು ಮೆತ್ತಗೆ, ನೆನೆಸಿದ ಅವರೆಕಾಳಿನ ಹಾಗೆ ಉಬ್ಬಿತ್ತು. ಕೈಯೆಲ್ಲ ಕಪ್ಪಾಯಿತು. ವಯಸ್ಸಾದ ರಬ್ಬರು ಸಾಮಾನ್ಯವಾಗಿ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಇದು ಉಲ್ಟಾ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ನಾನು ಕೈ ಒರೆಸಿಕೊಂಡು ಪೈಪನ್ನು ಕಸಕ್ಕೆ ಎಸೆದೆ. ಮಧ್ಯಾಹ್ನ ಇನ್ನೊಂದು ಗಾಡಿ ಕಾಯುತ್ತಿತ್ತು ಅನ್ನೋದು ನೆಪ ಅಷ್ಟೇ.

ನಾಲ್ಕು ತಿಂಗಳಿಗೆ ಮತ್ತೆ ಫೋನು. ಶಿರಾ ಕಡೆ ಹೈವೇನಲ್ಲಿ ಬಾನೆಟ್‌ನಿಂದ ಹೊಗೆ. "ಬಿಸಿ ತೋರಿಸೋ ಮುಳ್ಳು ಮೇಲೆ ಏರಲೇ ಇಲ್ಲ ಕಣಪ್ಪಾ, ಕೆಳಗೇ ಇತ್ತು" ಅಂದರು. ನೀರು ಪೂರ್ತಿ ಖಾಲಿಯಾದರೆ ಹಾಗಾಗಬಹುದು, ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ತಾನೆ ಅದಕ್ಕೆ ಸರಿಯಾದ ಬಿಸಿ ಗೊತ್ತಾಗೋದು. ಪುಣ್ಯಕ್ಕೆ ಅವರು ಹೊಗೆ ಕಂಡ ತಕ್ಷಣ ನಿಲ್ಲಿಸಿದ್ದರು. ಇನ್ನು ಎರಡು ಮೂರು ಕಿಲೋಮೀಟರ್ ಓಡಿಸಿದ್ದರೆ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬೆಂಡಾಗಿ ದೊಡ್ಡ ಕೆಲಸ ಬೀಳುತ್ತಿತ್ತೋ ಏನೋ. ಗಾಡಿ ಎಳೆಸಿಕೊಂಡು ಮನೆಗೆ ತಂದಿದ್ದರು. ಹೋದವನೇ ಡಿಪ್‌ಸ್ಟಿಕ್ ಎಳೆದು, ಆಯಿಲ್ ಮುಚ್ಚಳ ತೆಗೆದು ನೋಡಿದೆ. ಆಯಿಲಿಗೆ ನೀರು ಸೇರಿದರೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗುತ್ತೆ, ಇದು ತಿರುಗಿರಲಿಲ್ಲ. ಅರ್ಧ ಜೀವ ಬಂತು.

ಪೈಪು ಅದೇ ಜಾಗದಲ್ಲಿ ಉಬ್ಬಿ ಒಡೆದಿತ್ತು. ನಾಲ್ಕೇ ತಿಂಗಳಿಗೆ! ಮೊದಲು ಸ್ಪೇರ್ಸ್ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ, ಡೂಪ್ಲಿಕೇಟ್ ಕೊಟ್ಟ ಅಂತ. ಆಮೇಲೆ ಇಂಜಿನ್ ತಲೆ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಅಂಚಿನ ಉದ್ದಕ್ಕೂ ಬೆರಳು ಆಡಿಸಿದೆ. ಪೈಪಿನ ಮೇಲ್ಗಡೆ ಸರಿಯಾಗಿ ಎಣ್ಣೆ. ಎಣ್ಣೆ ಸೋರದ ಹಾಗೆ ಕವರ್ ಅಡಿ ಕೂರಿಸುವ ರಬ್ಬರ್ ಪ್ಯಾಕಿಂಗು ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ ಹೋಗಿತ್ತು. ಅಲ್ಲಿಂದ ಒಂದೊಂದೇ ಹನಿ ಆಯಿಲ್ ಪೈಪಿನ ಮೇಲೆ ಬೀಳುತ್ತಿತ್ತು. ಕೂಲೆಂಟ್ ಪೈಪುಗಳನ್ನು ಹೆಚ್ಚಾಗಿ ಇಪಿಡಿಎಂ ಅನ್ನೋ ರಬ್ಬರಿನಲ್ಲಿ ಮಾಡುತ್ತಾರೆ. ಬಿಸಿನೀರು, ಕೂಲೆಂಟು ವರ್ಷಗಟ್ಟಲೆ ತಡೆಯುತ್ತದೆ, ಇಂಜಿನ್ ಆಯಿಲ್ ಮಾತ್ರ ಅದಕ್ಕೆ ಆಗಲ್ಲ, ಹೀರಿಕೊಂಡು ಉಬ್ಬುತ್ತದೆ. ಪೈಪು ಕೂರಿಸುವಾಗ ಬಾಯಿಗೆ ಎಣ್ಣೆ ಹಚ್ಚಬಾರದು, ಕೂಲೆಂಟ್ ಸವರಬೇಕು ಅಂತ ಹುಡುಗರಿಗೆ ಬೈಯೋದು ಇದಕ್ಕೇ. ನಾನೇ ಎಣ್ಣೆ ಮಳೆ ಕೆಳಗೆ ಹೊಸ ಪೈಪು ಕೂರಿಸಿ ಬಂದಿದ್ದೆ.

ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಾಗಾದರೆ ನನ್ನ ಸೈಕಲ್ ಟ್ಯೂಬಿಗೂ ನಿನ್ನ ಪೈಪಿಗೂ ಏನಪ್ಪಾ ವ್ಯತ್ಯಾಸ?" ಅಂದರು. ಉತ್ತರ ಇರಲಿಲ್ಲ.

ಕವರ್ ಬಿಚ್ಚಿ ಪ್ಯಾಕಿಂಗ್ ಹಾಕಿದೆ. ಅದರ ಬೆಲೆ ಪೈಪಿಗಿಂತ ಕಡಿಮೆ, ಹೊಟ್ಟೆ ಉರಿದದ್ದು ಅದಕ್ಕೇ. ಇಂಜಿನ್ ಮೇಲಿನ ಹಳೇ ಎಣ್ಣೆಯನ್ನೆಲ್ಲ ಒರೆಸಿ ಆಮೇಲೆ ಪೈಪು ಹಾಕಿದೆ. ಈಗ ಗ್ಯಾರೇಜಿನಲ್ಲಿ ಬಿಚ್ಚಿದ ಪೈಪನ್ನು ಸಂಜೆವರೆಗೆ ಎಸೆಯೋ ಹಾಗಿಲ್ಲ. ಸೀಳಿ, ಒತ್ತಿ, ಮೂಸಿ ನೋಡಬೇಕು. ಹುಡುಗರು ನಗುತ್ತಾರೆ, ನಗಲಿ.

ಎರಡನೇ ಸಲ ದುಡ್ಡು ತಗೊಳ್ಳಲಿಲ್ಲ. ಮೇಷ್ಟ್ರು ಜಾಸ್ತಿ ಒತ್ತಾಯ ಮಾಡಲೂ ಇಲ್ಲ, ನ್ಯಾಯವೇ. ಅಮ್ಮಾವ್ರು ಮಾತ್ರ ಹೊರಡುವಾಗ ಬ್ಯಾಗಿಗೆ ನಾಲ್ಕು ತೆಂಗಿನಕಾಯಿ ಹಾಕಿದರು. ವಾರ ಬಿಟ್ಟು ಫೋನ್ ಮಾಡಿ ನೀರು ಎಷ್ಟಿದೆ ಅಂತ ಕೇಳಿದೆ. "ಗೆರೆ ಮೇಲೇ ಇದೆ, ನಾನೂ ದಿನಾ ಬೆರಳಾಡಿಸಿ ನೋಡ್ತಿದ್ದೀನಿ" ಅಂದರು.