ಗ್ವಾದ್ಲಿ ಮುಂದೆ ಟ್ರ್ಯಾಕ್ಟರ್

ಗದಗ ಕಡೆಯ ಎರೆ ಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಸಾಕು, ಚಪ್ಪಲಿ ಹಾಕಿಕೊಂಡು ನಡೆಯುವ ಆಸೆ ಬಿಡಬೇಕು. ಹೆಜ್ಜೆಗೊಂದಿಷ್ಟು ಮಣ್ಣು ಮೆತ್ತಿಕೊಂಡು ಕಾಲು ಎತ್ತೋಕೇ ಆಗುವುದಿಲ್ಲ. ಹಾಸನದಿಂದ ಬಂದು ಇಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸೇರಿದ ನನಗೆ ಮೊದಮೊದಲು ಈ ಮಣ್ಣಿನ ಮೇಲೆ ಸಿಟ್ಟಿತ್ತು. ಮಕ್ಕಳಿಗೆ ಮಾತ್ರ ಅದರಷ್ಟು ಇಷ್ಟದ್ದು ಬೇರೊಂದಿಲ್ಲ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ಚಡ್ಡಿ ಜೇಬಿನಲ್ಲಿ ಮಣ್ಣು, ಉಗುರಿನಲ್ಲಿ ಮಣ್ಣು, ಕಾಪಿ ಪುಸ್ತಕದ ಮೇಲೂ ಮಣ್ಣು. ಈ ಭಾಗದಲ್ಲಿ ಆ ದಿನ ಮನೆ ಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡುತ್ತಾರೆ. ಆಮೇಲೆ ಗುಳ್ಳವ್ವ, ನಾಗಪ್ಪ, ಗಣಪತಿ ಅಂತ ಮಣ್ಣಿನ ಹಬ್ಬಗಳು ಸಾಲಾಗಿ ಬರುತ್ತವೆ.

2025ರಲ್ಲಿ ಆ ಅಮಾವಾಸ್ಯೆ ಜೂನ್ 25ಕ್ಕೆ ಬಿತ್ತು. ಅದರ ಹಿಂದಿನ ಶನಿವಾರ ಜೂನ್ 21, ತಿಂಗಳ ಮೂರನೇ ಶನಿವಾರ. ಅಂದರೆ ನಮ್ಮ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ದಿನ, 'ಸಂಭ್ರಮ ಶನಿವಾರ'. ಸಾಲದ್ದಕ್ಕೆ ಯೋಗ ದಿನವೂ ಅಂದೇ! ಬೆಳಿಗ್ಗೆ ಅಂಗಳದಲ್ಲಿ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕೂತಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಬೆರಳಿನ ನಡುವೆ ಮಣ್ಣಿನ ಗೋಲಿ ತಿರುಗಿಸುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಹೇಗೂ ಯೋಗ ಮುಗಿದ ಮೇಲೆ ಮಣ್ಣೆತ್ತಿನ ಕೆಲಸವೇ ಇತ್ತಲ್ಲ.

ನಮ್ಮದು ನಲಿಕಲಿ ತರಗತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ ಇದು. ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ, ಕಾರ್ಡುಗಳು, ನೆಲಕ್ಕೆ ಹತ್ತಿರದ ಗೋಡೆ ಹಲಗೆ, ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಕೆಲಸ ನೇತುಹಾಕುವ ಚಪ್ಪರ. ನನಗೆ ಇದರಲ್ಲೆಲ್ಲ ಇಷ್ಟವಾದದ್ದು ಚಪ್ಪರವೇ. ಆದರೆ ಎಷ್ಟೋ ಕಡೆ ಆ ಚಪ್ಪರದಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಕಾಗದದ ಹೂಗಳು ಸಾಲಾಗಿ ತೂಗಾಡುತ್ತಿರುತ್ತವೆ. ಟೀಚರ್ ಕತ್ತರಿಸಿದ್ದು, ಮಕ್ಕಳು ಅಂಟಿಸಿದ್ದು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗಳ ಕಥೆ ಇನ್ನೂ ಮಜಾ. ಅವಳ ಶಾಲೆಯ ಥರ್ಮಾಕೋಲ್ ಮನೆ ರಾತ್ರಿ ಊಟವಾದ ಮೇಲೆ ಶುರುವಾಗುತ್ತದೆ. ಮಾಡುವವನು ಅಣ್ಣ. ಮಗಳು ಮಲಗಿರುತ್ತಾಳೆ. ಬೆಳಿಗ್ಗೆ ಸ್ಟಾರ್ ಸಿಗುವುದು ಅವಳಿಗೆ!

ಹಾಗಾಗಿ ನನ್ನದೊಂದು ಹಟ. ಕೈಕೆಲಸದ ದಿನ ಮಾದರಿ ತೋರಿಸುವುದಿಲ್ಲ. ಅಂದೂ ಮಕ್ಕಳು ದುಂಬಾಲು ಬಿದ್ದರು, "ಅಕ್ಕೋರ, ನೀವೊಂದು ಮಾಡಿ ತೋರಸ್ರಿ." ನಾನು ಮಾಡಲಿಲ್ಲ. ನಾನು ಮಾಡಿದರೆ ಎಲ್ಲರದ್ದೂ ನನ್ನ ಎತ್ತೇ ಆಗುತ್ತದೆ ಅಲ್ವಾ? "ನಿಮ್ಮ ಓಣಿಯಲ್ಲಿ ನೋಡಿದ ಎತ್ತು ಮಾಡಿ" ಅಂತಷ್ಟೇ ಹೇಳಿದೆ. ಪೂಜೆಯನ್ನು ಅವರವರ ಮನೆಗೆ ಬಿಟ್ಟೆ. ಶಾಲೆಯಲ್ಲಿ ಬರೀ ಮಣ್ಣು, ನೀರು, ದರ್ಜಿ ಅಂಗಡಿಯಿಂದ ತಂದ ಬಟ್ಟೆ ಚೂರು, ಒಂದು ಬಟ್ಟಲು ಕುಸುಬಿ ಕಾಳು.

ಒಂದನೇ ಕ್ಲಾಸಿನವರ ಎತ್ತುಗಳು ಬಹಳಷ್ಟು ಮಲಗಿದ್ದವು. ಈ ವಯಸ್ಸಿನ ಮಕ್ಕಳು ಮಣ್ಣು ಕೊಟ್ಟರೂ ಚಿತ್ರವನ್ನೇ ಬರೆಯುತ್ತಾರೆ. ಮಣ್ಣನ್ನು ರೊಟ್ಟಿಯಂತೆ ನೆಲದ ಮೇಲೆ ತಟ್ಟಿ, ಒಂದೇ ಪಕ್ಕಕ್ಕೆ ನಾಲ್ಕು ಕಾಲು, ಮೇಲೆ ಎರಡು ಕೋಡು. ಪಕ್ಕದಿಂದ ನೋಡಿದ ಎತ್ತು ಹಾಗೇ ಕಾಣುತ್ತದೆ, ತಪ್ಪೇನಿಲ್ಲ. "ಇದು ಯಾಕೆ ನಿಂತಿಲ್ಲ?" ಅಂದರೆ ಒಬ್ಬಳು ಥಟ್ಟನೆ ಹೇಳಿದಳು, "ಮಕ್ಕೊಂಡೈತ್ರಿ. ದಣದೈತಿ."

ನಿಲ್ಲಿಸಬೇಕೆಂದು ಹೊರಟವರಿಗೆ ನಿಜವಾದ ಕಷ್ಟ. ಮೊದಲು ಎಲ್ಲರೂ ತೆಳ್ಳಗೆ, ಉದ್ದಕ್ಕೆ ಕಾಲು ಮಾಡಿದರು. ಹಸಿ ಮಣ್ಣಿನ ಹೊಟ್ಟೆ ಕೂರಿಸಿದ ಕೂಡಲೇ ಕಾಲು ಬಾಗಿ ಎತ್ತು ಕುಸಿಯಿತು. "ನಿಂದ್ರವಲ್ದ್ರೀ" ಅಂತ ಮೂಲೆ ಮೂಲೆಯಿಂದ ದೂರು. ನಾನು ಸುಮ್ನೆ ಇದ್ದೆ, ಸುಮ್ಮನಿರುವುದು ಕಷ್ಟವಾದರೂ. ಒಬ್ಬ ಹೊಟ್ಟೆಯ ಕೆಳಗೆ ಕಡ್ಡಿ ಊರಿದ. ಇನ್ನೊಬ್ಬ ಹಿಂದಿನ ಎರಡು ಕಾಲನ್ನು ಸೇರಿಸಿ ಒಂದೇ ಮಾಡಿಬಿಟ್ಟ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲನ್ನು ಅಂಟಿಸುವುದನ್ನೇ ಬಿಟ್ಟಳು. ಒಂದೇ ಮುದ್ದೆಯಿಂದ ಮೋಟು ಕಾಲುಗಳನ್ನು ಚಿವುಟಿ ಎಳೆದಳು. ಕುಂಬಾರರು ಮಾರುವ ಎತ್ತುಗಳಿಗೂ ಮೋಟು, ದಪ್ಪ ಕಾಲೇ ಇರುತ್ತವಲ್ಲ, ಅದು ಯಾಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅರ್ಧ ಗಂಟೆಯಲ್ಲಿ ಆ ಉಪಾಯ ಕೋಣೆಯೆಲ್ಲ ಹಬ್ಬಿತು. ನಕಲು ಅಂತೀರಾ? ನನ್ನನ್ನು ನೋಡಿ ಮಾಡುವ ನಕಲಿಗಿಂತ ಇದು ಬೇರೆ. ಕಷ್ಟ ಅವರದ್ದೇ ಆಗಿತ್ತು, ಉಪಾಯವೂ ಅವರೊಳಗಿಂದಲೇ ಬಂತು.

ಅಷ್ಟರಲ್ಲಿ ಬಿಸಿಯೂಟದ ಅಡುಗೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಿ ನೋಡಿ ತಡೆಯಲಾಗಲಿಲ್ಲ ಅನ್ನಿಸುತ್ತದೆ. "ಹತ್ತಿ ಹಾಕ್ರಿ ಅಕ್ಕೋರ, ಇಲ್ಲಾಂದ್ರ ನಾಳೆ ಬಿರೀತೈತಿ" ಅಂದರು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಅಷ್ಟೇ ಜೋರಾಗಿ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಹೊಲ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಮಣ್ಣಿಗೆ ಹತ್ತಿಯ ಎಳೆ ಬೆರೆಸಿ ಚೆನ್ನಾಗಿ ನಾದಿದರೆ ಆ ಎಳೆಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. ಅವರೇ ಮನೆಗೆ ಹೋಗಿ ಹತ್ತಿ ತಂದರು. ಸೆರಗು ಸಿಕ್ಕಿಸಿಕೊಂಡು ನೆಲದಲ್ಲಿ ಕೂತು ನಾದತೊಡಗಿದರು. ಕೋಡು, ಬಾಲ ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ರಾಡಿ ಹಚ್ಚಿ ಒತ್ತಬೇಕು ಅಂತ ತೋರಿಸಿದರು. ಒಣಗಿಸುವುದು ನೆರಳಲ್ಲೇ ಆಗಬೇಕಂತೆ, ಬಿಸಿಲಿಗಿಟ್ಟರೆ ಸಣ್ಣ ಕೋಡು ಮೊದಲು ಒಣಗಿ ಉದುರುತ್ತದೆ. ಅವರೂ ಒಂದು ಎತ್ತು ಮಾಡಲಿಲ್ಲ, ಗಮನಿಸಿದೆ. ಮಣ್ಣಿನ ಗುಣ ಹೇಳಿಕೊಟ್ಟು ಒಲೆಯ ಕಡೆ ಹೋದರು. ಇಂಥ ತರಬೇತಿ ನಮಗೆ ಯಾವ ಸಭಾಂಗಣದಲ್ಲೂ ಸಿಕ್ಕಿಲ್ಲ.

ಕುಸುಬಿ ಕಾಳು ಕಣ್ಣಾಯಿತು, ಬಟ್ಟೆ ಚೂರು ಬೆನ್ನಿನ ಜೂಲವಾಯಿತು. ಎರಡನೇ ಕ್ಲಾಸಿನವರು ಸಣ್ಣವರ ಎತ್ತುಗಳಿಗೆ ಚೀಟಿ ಬರೆದು ಇಟ್ಟರು, 'ಬಸವ' ಅಂತ. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಆ ಹತ್ತರಲ್ಲೇ ಬಸವ ಬಂದುಬಿಡುತ್ತಾನೆ, ದನವೂ ಬರುತ್ತದೆ.

ಜೋಡಿ ಲೆಕ್ಕ ಮಾಡಲು ಎಲ್ಲ ಎತ್ತುಗಳನ್ನು ಸಾಲಾಗಿ ನಿಲ್ಲಿಸಿ, ಮುಂದೆ ಉದ್ದಕ್ಕೆ ಒಂದು ಮಣ್ಣಿನ ಗ್ವಾದ್ಲಿ ಕಟ್ಟಿದೆವು. ಗ್ವಾದ್ಲಿ ಅಂದರೆ ಮೇವು ಹಾಕುವ ಜಾಗ. ಹಬ್ಬಕ್ಕೆ ಎತ್ತಿನ ಜೊತೆ ಅದನ್ನೂ ಮಾಡುತ್ತಾರೆ. ಆಗ ಎರಡನೇ ಕ್ಲಾಸಿನ ಹುಡುಗನೊಬ್ಬ ಬೆನ್ನ ಹಿಂದೆ ಬಚ್ಚಿಟ್ಟಿದ್ದನ್ನು ತಂದು ಸಾಲಿನ ತುದಿಗೆ ಇಟ್ಟ. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಸಣ್ಣವು, ಮೇಲಕ್ಕೆ ಒಂದು ಹೊಗೆ ಕೊಳವೆ.

"ಇದೇನೋ?"

"ನಮ್ಮನ್ಯಾಗ ಎತ್ತಿಲ್ರಿ. ಟ್ರ್ಯಾಕ್ಟರ್ ಐತ್ರಿ."

ಗಲಾಟೆ ಶುರುವಾಯಿತು. ಟ್ರ್ಯಾಕ್ಟರಿಗೆ ಗ್ವಾದ್ಲಿ ಯಾಕೆ, ಅದು ಮೇವು ತಿನ್ನುತ್ತದಾ ಅಂತ ಒಂದು ಗುಂಪು. ಉಳುಮೆ ಮಾಡುತ್ತದಲ್ಲ, ಇರಲಿ ಬಿಡಿ ಅಂತ ಇನ್ನೊಂದು. ನಾನು ಗೋಡೆ ಹಲಗೆಯ ಮೇಲೆ ಒಂದು ಕಡೆ ಎತ್ತು, ಒಂದು ಕಡೆ ಟ್ರ್ಯಾಕ್ಟರ್ ಬರೆದು, ನಿಮ್ಮ ಹೊಲ ಉಳುವುದು ಯಾವುದೋ ಅದರ ಕೆಳಗೆ ಚುಕ್ಕಿ ಇಡಿ ಅಂದೆ. ಎತ್ತಿನ ಕೆಳಗೆ ಬಿದ್ದದ್ದು ಬೆರಳೆಣಿಕೆಯ ಚುಕ್ಕಿ. ಮಕ್ಕಳೇ ಒಂದು ಕ್ಷಣ ಗಲಾಟೆ ನಿಲ್ಲಿಸಿ ಹಲಗೆ ನೋಡಿದರು. ನಂತರ ಯಾರೂ ಟ್ರ್ಯಾಕ್ಟರನ್ನು ತೆಗೆಯಲು ಹೇಳಲಿಲ್ಲ. ಹುಡುಗ ಅದರ ಮುಂದೆ ಒಂದು ಪುಟ್ಟ ಡೀಸೆಲ್ ಕ್ಯಾನ್ ಮಾಡಿ ಇಟ್ಟ.

ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಟ್ರ್ಯಾಕ್ಟರ್ ಕಾಣದ ಹಾಗೆ ಇನ್ನೊಂದು ಫೋಟೋ ಕಳಿಸಿ ಅಂತ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಕಳಿಸಲಿಲ್ಲ.

ಅಮಾವಾಸ್ಯೆಯ ಮರುದಿನ ಇಲ್ಲಿ ಮಕ್ಕಳು ಒಂದು ಕುಂಟೆತ್ತು ಮಾಡಿಕೊಂಡು ಮನೆ ಮನೆಗೆ ಹೋಗಿ ಜೋಳ ಕೇಳುತ್ತಾರೆ. ಶಾಲೆಯಲ್ಲಿ ಕಾಲು ಮುರಿದ ಎತ್ತುಗಳಿಗೆ ಅವತ್ತು ಭಾರೀ ಬೇಡಿಕೆ. ಆ ಹುಡುಗ ಮಾತ್ರ ತನ್ನ ಟ್ರ್ಯಾಕ್ಟರಿನ ಒಂದು ಗಾಲಿ ಕಿತ್ತು, ಅದನ್ನೇ ತಟ್ಟೆಯಲ್ಲಿಟ್ಟುಕೊಂಡು ಓಣಿ ಸುತ್ತಿದನಂತೆ. ಜೋಳ ಹಾಕಲು ಬಂದ ಒಬ್ಬ ಅಜ್ಜಿಗೆ, "ಜ್ವಾಳ ಬ್ಯಾಡಬೇ, ಡೀಸಲ್ಲಿಗೆ ರೊಕ್ಕ ಕೊಡು" ಅಂದನಂತೆ. ಅಜ್ಜಿ ಬಿದ್ದು ಬಿದ್ದು ನಕ್ಕು ಹತ್ತು ರೂಪಾಯಿ ಕೊಟ್ಟರಂತೆ. ಶುಕ್ರವಾರ ಶಾಲೆಗೆ ಬಂದವನೇ ನನ್ನ ಮೇಜಿನ ಮೇಲೆ ಒಂದು ಪೆಪ್ಪರ್‌ಮೆಂಟ್ ಇಟ್ಟ. ಉಳಿದವು ಆಗಲೇ ಖಾಲಿಯಾಗಿದ್ದವು.