ಹಾಸನದಲ್ಲಿ ಬಲೂನ್ ಹತ್ತೋಕೆ ಹೊರಟಿದ್ದೀರಾ?

ಬಿಸಿಗಾಳಿ ಬಲೂನ್ ಹಬ್ಬ ಅಂದಕೂಡಲೇ ನಮ್ಮ ಮಕ್ಕಳು ಬೇಲೂರಿನ ತನಕ ಹಾರಿಕೊಂಡು ಹೋಗ್ತೀವಿ ಅಂತಲೇ ನಂಬಿದ್ದರು. ನಿಮ್ಮ ಮಕ್ಕಳಿಗೆ ಮನೆಯಲ್ಲೇ ಹೇಳಿಬಿಡಿ: ಇಲ್ಲಿ ಬಲೂನನ್ನು ಹಗ್ಗ ಹಾಕಿ ಜೀಪಿಗೆ ಕಟ್ಟಿರುತ್ತಾರೆ. ನೆಟ್ಟಗೆ ಮೇಲೆ ಹೋಗುತ್ತೆ, ಸ್ವಲ್ಪ ಹೊತ್ತು ನಿಲ್ಲುತ್ತೆ, ಅಲ್ಲೇ ಇಳಿಯುತ್ತೆ. ಎಷ್ಟು ನಿಮಿಷ, ಗಾಳಿ ಎದ್ದು ನಿಲ್ಲಿಸಿದರೆ ದುಡ್ಡು ವಾಪಸ್ ಕೊಡ್ತಾರಾ ಅನ್ನೋದನ್ನು ಟಿಕೆಟ್ ತಗೊಳ್ಳುವ ಮುಂಚೆ ಕೇಳಿ.

ಬೆಳಕು ಹರಿಯುವ ಹೊತ್ತಿಗೆ ಮೈದಾನದಲ್ಲಿರಿ. ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾದಷ್ಟೂ ಬಲೂನ್ ಸಲೀಸಾಗಿ ಏಳುತ್ತದೆ. ಹಾಸನ ಇರುವುದು 900 ಮೀಟರಿಗಿಂತ ಎತ್ತರದಲ್ಲಿ, ಬೆಳಗಿನ ಚಳಿಗೆ ಬರವಿಲ್ಲ. ಆ ಹೊತ್ತಿನಲ್ಲಿ ಗಾಳಿಯೂ ಕಡಿಮೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಶುರು. ಪೈಲಟ್ ಸಾಕು ಅಂದರೆ ಸಾಕು, ಜಗಳ ಆಡಿ ಪ್ರಯೋಜನವಿಲ್ಲ. ನಿಧಾನವಾಗಿ ತಿಂಡಿ ಮುಗಿಸಿ ಬಂದವರು ಸಾಲಿನಿಂದಲೇ ವಾಪಸ್ ಹೋದರು. ಮಂಜು ಕವಿದಿದ್ದರೂ ಕಾಯಬೇಕು. ಸ್ವೆಟರ್, ಫ್ಲಾಸ್ಕಿನಲ್ಲಿ ಕಾಫಿ, ಮಕ್ಕಳಿಗೆ ಒಂದಿಷ್ಟು ಬಿಸ್ಕತ್ತು ಇರಲಿ.

ನನ್ನ ಕೇಳಿದರೆ ಹತ್ತೋದಕ್ಕಿಂತ ಬಲೂನ್ ಏಳೋದನ್ನು ನೋಡೋದೇ ಜಾಸ್ತಿ ಮಜಾ. ಮೊದಲು ಬಟ್ಟೆಯನ್ನು ಹುಲ್ಲಿನ ಮೇಲೆ ಉದ್ದಕ್ಕೆ ಹಾಸುತ್ತಾರೆ. ಜನ ನಿಲ್ಲುವ ಬೆತ್ತದ ಬುಟ್ಟಿಯನ್ನು ಅಡ್ಡ ಮಲಗಿಸಿರುತ್ತಾರೆ. ಇಬ್ಬರು ಬಲೂನಿನ ಬಾಯಿ ಅಗಲಿಸಿ ಹಿಡಿದುಕೊಂಡರೆ ದೊಡ್ಡ ಫ್ಯಾನ್ ಒಳಗೆ ತಣ್ಣನೆ ಗಾಳಿ ತುಂಬುತ್ತದೆ. ಅರ್ಧಂಬರ್ಧ ಉಬ್ಬಿದ ಮೇಲೆ ಬರ್ನರ್. ಭುಸ್ ಅಂತ ಆಳೆತ್ತರದ ಉರಿ! ಚಿಕ್ಕವಳು ಕಿವಿ ಮುಚ್ಚಿಕೊಂಡು ನನ್ನ ಹಿಂದೆ ಸೇರಿಕೊಂಡಳು. "ಅಲ್ಲ ಕಣಮ್ಮಾ, ಬಟ್ಟೆಗೆ ಬೆಂಕಿ ತಗಲಲ್ವಾ?" ಅಂದರು ನಮ್ಮತ್ತೆ. ಸರಿಯಾದ ಪ್ರಶ್ನೆ. ಬಾಯಿಯ ಹತ್ತಿರ ಸುಲಭವಾಗಿ ಬೆಂಕಿ ಹಿಡಿಯದ ಬೇರೆ ಬಟ್ಟೆ ಹಾಕಿರುತ್ತಾರಂತೆ, ಮೇಲಿನದು ನೈಲಾನ್.

ಅತ್ತೆ ಹತ್ತಲಿಲ್ಲ. ಬುಟ್ಟಿಗೆ ಬಾಗಿಲಿಲ್ಲ, ಪಕ್ಕದ ತೂತುಗಳಲ್ಲಿ ಕಾಲಿಟ್ಟು ಅಂಚು ದಾಟಿ ಒಳಗೆ ಇಳಿಯಬೇಕು. ಮಂಡಿ ನೋವಿರುವವರಿಗೆ ಕಷ್ಟ. ಬಸುರಿಯರಂತೂ ಹತ್ತಲೇಬಾರದು. ಅಂಚು ದೊಡ್ಡವರ ಎದೆಮಟ್ಟಕ್ಕೆ ಬರುತ್ತದೆ, ತೀರಾ ಪುಟ್ಟ ಮಕ್ಕಳಿಗೆ ಒಳಗಿಂದ ಬೆತ್ತ ಬಿಟ್ಟು ಬೇರೇನೂ ಕಾಣಲ್ಲ. ಉರಿ ತಲೆಯ ಮೇಲೇ ಇರುವುದರಿಂದ ನೆತ್ತಿ ಚುರುಗುಟ್ಟುತ್ತದೆ, ಟೋಪಿ ಹಾಕಿಕೊಳ್ಳಿ. ಹತ್ತಿ ಬಟ್ಟೆ, ಶೂ ಒಳ್ಳೆಯದು. ದುಪಟ್ಟಾ ಗಂಟು ಹಾಕಿಕೊಳ್ಳಿ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಿ, ಬುಟ್ಟಿ ದಡಕ್ ಅಂತ ಕೂರುತ್ತದೆ.

ಇಷ್ಟಾದರೂ ಬೆಳಗಿನ ಹೊತ್ತು ಇನ್ನೂ ಉಳಿದಿರುತ್ತದೆ. ಬೇಲೂರು ರಸ್ತೆ ಹಿಡಿದರೆ ದೊಡ್ಡಗದ್ದವಳ್ಳಿ ಹತ್ತಿರ. ಕೆರೆಯ ಪಕ್ಕ ಹೊಯ್ಸಳರ ಕಾಲದ ಲಕ್ಷ್ಮೀ ದೇವಸ್ಥಾನ, ನಾಲ್ಕು ಗರ್ಭಗುಡಿ, ಬೇಲೂರಿನಷ್ಟು ಜನ ಇರಲ್ಲ. ಮಕ್ಕಳು ಓಡಾಡಲಿ, ಹಿರಿಯರು ನೆರಳಲ್ಲಿ ಕೂರಲಿ. ತಿಂಡಿ ಮಾತ್ರ ಹಾಸನದಲ್ಲೇ ಮುಗಿಸಿಕೊಂಡು ಹೊರಡಿ.