ಮೊದಲು ಪದಸೂಚಿ ನೋಡಿ

ಲೈಬ್ರರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಸ್ಲಾಂ ಮತ್ತು ಸಮಾಜದ ಪುಸ್ತಕ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ವರ್ಷ ಮುಗಿಯುವ ಹೊತ್ತಿಗೆ ರ‍್ಯಾಕ್ ತುಂಬಿತ್ತು. ಒಳಗೊಳಗೇ ಬೀಗುತ್ತಿದ್ದೆ.

ಒಂದು ದಿನ ಒಬ್ಬ ವಿದ್ಯಾರ್ಥಿನಿ ಬಂದಳು. 1284ರಲ್ಲಿ ಈಜಿಪ್ಟಿನ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆ ವಕ್ಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿಯ ಆದಾಯದ ಮೇಲೆ ನಡೆಯುತ್ತಿತ್ತು, ಆ ವ್ಯವಸ್ಥೆಯ ಬಗ್ಗೆ ಓದಬೇಕಿತ್ತು ಅವಳಿಗೆ. ಇಬ್ಬರೂ ರ‍್ಯಾಕ್ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆದು ಕೊನೆಯ ಪುಟಗಳನ್ನು ತಿರುವಿದೆವು. ಪದಸೂಚಿಯಲ್ಲಿ ‘ಜಿಹಾದ್’ ಎದುರು ಮೂರು ಸಾಲು ಪುಟಸಂಖ್ಯೆ. ಕಡ್ಡಾಯ ದಾನವಾದ ‘ಝಕಾತ್’ಗೆ ಒಂದೇ ಪುಟ. ‘ವಕ್ಫ್’ ಅನ್ನುವ ಪದವೇ ಇಲ್ಲ. ಏಳನೇ ಪುಸ್ತಕಕ್ಕೆ ಅವಳಿಗೆ ನಗು ಬಂತು. “ಇವೆಲ್ಲ ಒಂದೇ ಪುಸ್ತಕ ಅಲ್ವಾ ಮೇಡಂ?”

ತಪ್ಪು ನನ್ನದೇ. ಪ್ರಕಾಶಕರ ಕ್ಯಾಟಲಾಗ್ ಹಿಡಿದು, ಬೆನ್ನುಡಿ ಓದಿ ಆರ್ಡರ್ ಹಾಕಿದ್ದೆ. 2001ರ ನಂತರ ಭಯೋತ್ಪಾದನೆ, ರಾಜಕೀಯದ ಪುಸ್ತಕಗಳೇ ಜಾಸ್ತಿ ಬಂದಿದ್ದವು. ಕಣ್ಣಿಗೆ ಬಿದ್ದಿದ್ದನ್ನು ತರಿಸಿದ್ದೆ, ಅಷ್ಟೇ.

ಸರಿ ಮಾಡಲು ಹೋಗಿ ಇನ್ನೊಂದು ಎಡವಟ್ಟು ಮಾಡಿದೆ. ಧರ್ಮದ ವಿಧಿ, ನಿಯಮಗಳ ಪುಸ್ತಕಗಳನ್ನು ರಾಶಿ ತರಿಸಿದೆ. ಅವು ಜನ ಹೇಗೆ ಬದುಕಬೇಕು ಅಂತ ಹೇಳುತ್ತವೆ. ಹೇಗೆ ಬದುಕುತ್ತಿದ್ದಾರೆ ಅನ್ನುವುದು ಬೇರೆಯೇ ವಿಷಯ.

ಈಗ ಪುಸ್ತಕ ಕೈಗೆ ಬಂದರೆ ಮೊದಲು ಪದಸೂಚಿ, ಆಮೇಲೆ ಮುನ್ನುಡಿ. ಲೇಖಕರು ಯಾವ ಊರಲ್ಲಿ, ಯಾರ ಜೊತೆ, ಎಷ್ಟು ದಿನ ಇದ್ದರು ಅಂತ ಹುಡುಕುತ್ತೇನೆ. ಮಾನವಶಾಸ್ತ್ರಜ್ಞೆ ಸಬಾ ಮಹಮೂದ್ 2005ರಲ್ಲಿ ಪ್ರಕಟಿಸಿದ ಪುಸ್ತಕ ಕೈರೋದ ಮಸೀದಿಗಳಲ್ಲಿ ಪಾಠ ಮಾಡುವ, ಕೇಳುವ ಹೆಂಗಸರ ನಡುವೆ ಕೂತು ಬರೆದಿದ್ದು. ಲೇಖಕಿಯ ವಾದ ಒಪ್ಪದಿದ್ದರೂ ಆ ಹೆಂಗಸರು ಕಣ್ಣಿಗೆ ಕಟ್ಟುತ್ತಾರೆ. ಇನ್ನೊಬ್ಬ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1968ರಲ್ಲೇ ಮೊರಾಕ್ಕೊ ಮತ್ತು ಇಂಡೋನೇಷ್ಯಾವನ್ನು ಪಕ್ಕಪಕ್ಕ ಇಟ್ಟು ತೋರಿಸಿದರು: ಧರ್ಮ ಒಂದೇ, ಒಂದು ಕಡೆ ಆವೇಶ, ಇನ್ನೊಂದು ಕಡೆ ತಾಳ್ಮೆ, ಒಳಮುಖದ ಸಾಧನೆ. ಅದನ್ನು ಓದಿದ ಮೇಲೆ ‘ಇಸ್ಲಾಂ ಹೀಗೆ ಹೇಳುತ್ತದೆ’ ಎಂದು ಪುಟಪುಟಕ್ಕೂ ಬರೆಯುವವರ ಪುಸ್ತಕ ಕಂಡರೆ ಸುಮ್ನೆ ಪಕ್ಕಕ್ಕಿಡುತ್ತೇನೆ. ಯಾವ ಊರಿನ, ಯಾವ ಕಾಲದ ಇಸ್ಲಾಂ ಸ್ವಾಮಿ?

ಹಳಬರನ್ನೂ ಬಿಡುವುದಿಲ್ಲ. ರಾಜವಂಶಗಳು ಏಳುವುದು, ಬೀಳುವುದು ಗುಂಪಿನ ಒಗ್ಗಟ್ಟಿನ ಮೇಲೆ ನಿಂತಿದೆ ಅಂತ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲೇ ಬರೆದಿದ್ದ.

ಇನ್ನೊಂದು ಪಾಠ ರ‍್ಯಾಕಿನದು. ಲೈಬ್ರರಿಯಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಇಸ್ಲಾಂ ಧರ್ಮಕ್ಕೆ 297. ಆದರೆ ಮುಸ್ಲಿಂ ಸಮುದಾಯಗಳ ಅಧ್ಯಯನ 305ರಲ್ಲಿ, ಇಸ್ಲಾಮಿಕ್ ಕಾನೂನು 340ರಲ್ಲಿ ಕೂರುತ್ತವೆ. 297 ಒಂದನ್ನೇ ನೋಡಿ ಸಂಗ್ರಹ ಚೆನ್ನಾಗಿದೆ ಅಂದುಕೊಂಡಿದ್ದೆ ನಾನು.

ವಕ್ಫ್ ಪುಸ್ತಕ ಬರುವಷ್ಟರಲ್ಲಿ ಆ ಹುಡುಗಿಯ ಪ್ರಬಂಧ ಮುಗಿದಿತ್ತು. ಆದರೂ ಬಂದು ಇಶ್ಯೂ ಮಾಡಿಸಿಕೊಂಡಳು. ಎರಡು ಸಲ ರಿನ್ಯೂ ಆಗಿದೆ, ಇನ್ನೂ ವಾಪಸ್ ಬಂದಿಲ್ಲ.